ಹಿತ್ತಾಳೆಯ ಬೆಸುಗೆ

ನಮ್ಮ ತಂದೆಯವರ ಸೈಕಲ್ಲು ಮುರಿದದ್ದು ಕಡ್ಡಿರಾಂಪುರದ ರಸ್ತೆಯಲ್ಲಿ. ಮೊಮ್ಮಗ ಅದನ್ನು ಬೇವಿನ ಮರಕ್ಕೆ ಒರಗಿಸಿ ಬಾಳೆಹಣ್ಣು ಕೊಳ್ಳಲು ಹೋಗಿದ್ದ. ಕಬ್ಬು ಹೇರಿಕೊಂಡಿದ್ದ ಟ್ರ್ಯಾಕ್ಟರೊಂದು ಹಿಂದಕ್ಕೆ ಸರಿಯಿತು. ಚಾಲಕ ನೋಡಲಿಲ್ಲ, ನೋಡುವಷ್ಟು ಬಯಲನ್ನು ಕಬ್ಬಿನ ಹೊರೆ ಅವನಿಗೆ ಬಿಟ್ಟಿರಲೂ ಇಲ್ಲ. ಯಾರಿಗೂ ಪೆಟ್ಟಾಗಲಿಲ್ಲವೆಂಬುದೇ ದೊಡ್ಡದು. ಮುಂದಿನ ಚಕ್ರ ಹಪ್ಪಳದಂತೆ ಮಡಚಿಕೊಂಡಿತ್ತು. ಚಕ್ರ ಹೋದರೆ ಚಕ್ರ ಸಿಗುತ್ತದೆ. ಆದರೆ ಹ್ಯಾಂಡಲ್ಲಿನ ಕೊರಳಿನಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಕೊಳವೆಯಿದೆಯಲ್ಲ, ಅದು ಕೊರಳಿನ ಬುಡದಲ್ಲೇ ಡೊಂಕಾಗಿ, ಕೆಳಮಗ್ಗುಲಿಗೆ ಬಿರುಕು ಬಿಟ್ಟಿತ್ತು. ಸೈಕಲ್ಲಿನ ಬೆನ್ನೆಲುಬು ಅದು.

ಆ ಸೈಕಲ್ಲಿನ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬೇಕು. ತುಂಗಭದ್ರೆಗೆ ಅಣೆಕಟ್ಟೆ ಕಟ್ಟುವ ಕೆಲಸ ಆರಂಭವಾದದ್ದು ೧೯೪೫ರ ಫೆಬ್ರುವರಿಯಲ್ಲಿ. ಆಗ ನದಿಯ ಬಲದಂಡೆ ಮದ್ರಾಸಿನದು, ಎಡದಂಡೆ ಹೈದರಾಬಾದಿನದು. ಒಂದೇ ಗೋಡೆಯನ್ನು ಎರಡು ಸರ್ಕಾರಗಳು ಎರಡು ಕಡೆಯಿಂದ ಕಟ್ಟುತ್ತ ಬಂದವು. ನಮ್ಮ ತಂದೆಯವರು ಬಲದಂಡೆಯ ಕಚೇರಿಯಲ್ಲಿ ಅಳತೆಯ ಪುಸ್ತಕ ಬರೆಯುವ ಗುಮಾಸ್ತರು. ವರ್ಗವಾಗಿ ಹೊರಟ ಅಧಿಕಾರಿಯೊಬ್ಬರಿಂದ ಆ ಇಂಗ್ಲಿಷ್ ಸೈಕಲ್ಲನ್ನು ಕಂತಿನ ಮೇಲೆ ಕೊಂಡರು. ನಾನು ಹುಟ್ಟಿದ್ದು ೧೯೫೩ರಲ್ಲಿ, ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ವರ್ಷ. ಅದೇ ವರ್ಷ ಅಕ್ಟೋಬರ್ ಒಂದರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಈ ಮೂರರಲ್ಲಿ ನಮ್ಮ ಮನೆಯಲ್ಲಿ ಹೆಚ್ಚು ಸಂಭ್ರಮ ತಂದದ್ದು ಯಾವುದೆಂದು ನಮ್ಮ ತಾಯಿಯವರನ್ನು ಕೇಳಿದರೆ, ಸೈಕಲ್ಲಿನ ಕಡೆಯ ಕಂತು ತೀರಿದ್ದು ಎನ್ನುತ್ತಿದ್ದರು.

ಬಾರಿನ ಮೇಲೆ ಮಡಿಸಿದ ಟವೆಲ್ಲು ಹಾಕಿ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದ ಸೈಕಲ್ಲು ಅದು. ಕಾಲುವೆಯ ಏರಿಯ ಮೇಲೆ ಒಳಗಾಲು ಹಾಕಿ ತುಳಿಯುತ್ತ ನಾನು ಸವಾರಿ ಕಲಿತದ್ದೂ ಅದರ ಮೇಲೆಯೇ. ಹಿರಿಯರಾದ ಕೇಳುಗರಿಗೆ ಪುರಸಭೆಯ ಬಿಲ್ಲೆ ನೆನಪಿರಬಹುದು. ವರ್ಷವರ್ಷವೂ ಸೈಕಲ್ಲಿಗೆ ತೆರಿಗೆ ಕಟ್ಟಿ ಆ ತಗಡಿನ ಬಿಲ್ಲೆಯನ್ನು ತಗುಲಿಸಬೇಕಾಗಿತ್ತು. ದೀಪವಿಲ್ಲದೆ ರಾತ್ರಿ ಹೊರಟರೆ ಪೋಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಇಷ್ಟೆಲ್ಲ ಗೌರವವಿದ್ದ ವಾಹನ ಅದು.

ಮುರಿದ ಸೈಕಲ್ಲನ್ನು ಆಟೋದಲ್ಲಿ ಹೇರಿಕೊಂಡು ಹೊಸಪೇಟೆಯ ಅಂಗಡಿಗಳಿಗೆ ಒಯ್ದೆ. ಎಲ್ಲ ಕಡೆಯೂ ಮರ್ಯಾದೆಯಿಂದ ನೋಡಿದರು. ಒಬ್ಬರಂತೂ ಕೊರಳಿನ ಮೇಲಿನ ಹಿತ್ತಾಳೆಯ ಮುದ್ರೆಯನ್ನು ಬೆರಳಿನಿಂದ ಒರೆಸಿ, ಮಗನನ್ನು ಕರೆದು ತೋರಿಸಿದರು. ಆದರೆ ಉತ್ತರ ಎಲ್ಲ ಕಡೆಯೂ ಒಂದೇ: “ಫ್ರೇಮು ಈಗ ಯಾರು ಕಟ್ತಾರ್ರೀ? ಹೊಸದು ಹಾಕಿಬಿಡ್ರಿ.”

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅದರ ಹಿಂದೆ ಎಪ್ಪತ್ತು ವರ್ಷಗಳ ಚರಿತ್ರೆಯಿದೆ. ಇಂದು ನಾವು ಕಾಣುವ ಆಕಾರದ ಸೈಕಲ್ಲಿಗೆ ಮೂಲ ೧೮೮೫ರಲ್ಲಿ ಇಂಗ್ಲೆಂಡಿನ ಜೆ. ಕೆ. ಸ್ಟಾರ್ಲಿ ಹೊರತಂದ ರೋವರ್. ಮೂರು ವರ್ಷದ ಮೇಲೆ ಡನ್‌ಲಪ್ ಗಾಳಿಯ ಟಯರನ್ನು ಕೊಟ್ಟ. ಅಲ್ಲಿಂದ ಮುಂದೆ ಅರ್ಧ ಶತಮಾನದ ಕಾಲ ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮುಗಳ ಸೈಕಲ್ಲುಗಳು ಹಡಗೇರಿ ಈ ದೇಶಕ್ಕೆ ಬಂದವು. ಅವು ದುಬಾರಿ. ಬಿಡಿಭಾಗವನ್ನು ಸಮುದ್ರದಾಚೆಯಿಂದ ತರಿಸುವುದಕ್ಕಿಂತ ಮುರಿದದ್ದನ್ನು ಇಲ್ಲೇ ಕೂಡಿಸುವುದು ಅಗ್ಗ. ಹೀಗಾಗಿ ಕಮ್ಮಾರರೂ ಕಂಚುಗಾರರೂ ತಮಗೆ ಗೊತ್ತಿದ್ದ ಬೆಸುಗೆಯನ್ನೇ ಈ ಹೊಸ ಕೊಳವೆಗಳಿಗೆ ಒಗ್ಗಿಸಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ, ಸೋನೀಪತ್ತಿನಲ್ಲಿ ಅಟ್ಲಾಸ್, ೧೯೫೬ರಲ್ಲಿ ಲೂಧಿಯಾನದ ಹೀರೋ ಎಂದು ಒಂದರ ಹಿಂದೆ ಒಂದು ನಮ್ಮವೇ ಕಾರ್ಖಾನೆಗಳು ಎದ್ದವು. ಸೈಕಲ್ಲು ಗುಮಾಸ್ತರಿಂದ ಹಾಲಿನವರಿಗೆ, ಹಾಲಿನವರಿಂದ ಕೂಲಿಕಾರರಿಗೆ ಇಳಿದು ಬಂದಿತು. ಒಳ್ಳೆಯದೇ ಆಯಿತು. ಆದರೆ ಹೊಸ ಫ್ರೇಮು ಅಗ್ಗವಾದಷ್ಟೂ ಹಳೆಯದನ್ನು ಕೂಡಿಸುವವನ ಮುಂದೆ ಕೂತು ಕಾಯುವವರು ಕಡಿಮೆಯಾದರು. ಅವನ ಮಗ ಬೇರೆ ಕೆಲಸ ಹಿಡಿದ.

ನನಗೆ ಹಟ ಬಂದಿತ್ತು. ಕಿಟಕಿ, ಗೇಟು ಮಾಡುವ ವೆಲ್ಡಿಂಗ್ ಅಂಗಡಿಯೊಂದಕ್ಕೆ ಒಯ್ದೆ. ಹುಡುಗ ಕಪ್ಪು ಕನ್ನಡಿ ಹಿಡಿದು, ಕಣ್ಣು ಕೋರೈಸುವ ಬೆಳಕು ಹಾರಿಸಿ, ಹತ್ತು ನಿಮಿಷದಲ್ಲಿ ಬಿರುಕಿನ ಮೇಲೆ ಬೆರಳುಗಾತ್ರದ ಗಂಟನ್ನು ಕೂರಿಸಿಕೊಟ್ಟ. ನೂರೈವತ್ತು ರೂಪಾಯಿ. ಒಂಬತ್ತನೆಯ ದಿನ ಆ ಗಂಟು ಹಾಗೇ ಇತ್ತು. ಅದರ ಪಕ್ಕದಲ್ಲಿ ಕೊಳವೆ ಹೊಸದಾಗಿ ಬಿರಿದಿತ್ತು.

ಹುಡುಗನನ್ನು ದೂರುವಂತಿಲ್ಲ. ಅವನ ಕೈಯ ವಿದ್ಯುತ್ ಕಿಡಿ ಬಾಗಿಲಿನ ಕಬ್ಬಿಣದ ಪಟ್ಟಿಗಾಗಿ ಪಳಗಿದ್ದು. ಅದು ಉಕ್ಕನ್ನೇ ಕರಗಿಸಿ ಉಕ್ಕಿಗೆ ಕೂಡಿಸುತ್ತದೆ. ಉಕ್ಕು ಕರಗುವುದು ಹೆಚ್ಚುಕಡಿಮೆ ೧೫೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೈಕಲ್ಲಿನ ಕೊಳವೆಯ ಗೋಡೆಯಾದರೋ ಎರಡು ಮಿಲಿಮೀಟರಿಗೂ ಕಡಿಮೆ. ಒಂದೆಡೆ ಅಷ್ಟು ಉರಿ ತಾಗಿದರೆ ತೂತು ಬೀಳುತ್ತದೆ, ಇಲ್ಲವೆ ಪಕ್ಕದ ಉಕ್ಕು ಪೆಡಸಾಗುತ್ತದೆ. ಹಳೆಯ ಸೈಕಲ್ಲನ್ನು ಕಟ್ಟಿದ ಕ್ರಮವೇ ಬೇರೆ. ಕೊಳವೆಗಳು ಕೂಡುವ ಕಡೆಯಲ್ಲೆಲ್ಲ ಉಕ್ಕಿನ ಒಂದೊಂದು ಒರೆ ಇರುತ್ತದೆ. ಅಂಗಡಿಯವರು ಅದನ್ನು ಲಗ್ಗು ಎನ್ನುತ್ತಾರೆ. ಕತ್ತಿಯ ತುದಿ ಒರೆಯಲ್ಲಿ ಕೂರುವಂತೆ ಕೊಳವೆಯ ತುದಿ ಲಗ್ಗಿನಲ್ಲಿ ಕೂರುತ್ತದೆ. ನಡುವೆ ಕೂದಲೆಳೆಯಷ್ಟು ಸಂದು. ಕೊಳವೆಯನ್ನೂ ಲಗ್ಗನ್ನೂ ಕೆಂಪಗೆ ಕಾಯಿಸಿ, ಬಿಳಿಗಾರ ಹಾಕಿ, ಆ ಸಂದಿಗೆ ಹಿತ್ತಾಳೆಯನ್ನು ಹರಿಸುತ್ತಾರೆ. ಹಿತ್ತಾಳೆ ಸುಮಾರು ೯೦೦ ಡಿಗ್ರಿಗೇ ನೀರಾಗುವುದರಿಂದ ಉಕ್ಕು ಕಾಯುತ್ತದೆಯೇ ಹೊರತು ಕರಗುವುದಿಲ್ಲ. ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳಲ್ಲಿ ಫ್ರೇಮಿನ ಕೊರಳನ್ನು ಕರಗಿದ ಹಿತ್ತಾಳೆಯ ತೊಟ್ಟಿಯಲ್ಲೇ ಅದ್ದಿ ತೆಗೆಯುತ್ತಿದ್ದುದೂ ಉಂಟು. ಹೀಗೆ ಕೂಡಿಸಿದ್ದಕ್ಕೆ ಒಂದು ಗುಣವಿದೆ: ಮತ್ತೆ ಕಾಯಿಸಿದರೆ ಅದು ಬಿಡುತ್ತದೆ. ಕೆಟ್ಟ ಕೊಳವೆಯನ್ನು ಎಳೆದು, ಬೇರೊಂದನ್ನು ಕೂರಿಸಬಹುದು. ಮುಂದೊಂದು ದಿನ ಯಾರಾದರೂ ಬಿಚ್ಚಿಯಾರು ಎಂಬ ಅನುಕೂಲವನ್ನು ಕಟ್ಟಿದವನು ಒಳಗೇ ಇಟ್ಟಿರುತ್ತಾನೆ.

ಈ ವಿದ್ಯೆಗೆ ಈ ಸೀಮೆಯಲ್ಲಿ ಬರ ಬಂದಿತೆಂದರೆ ನನಗೆ ಆಶ್ಚರ್ಯವಷ್ಟೇ ಅಲ್ಲ, ಸ್ವಲ್ಪ ನಾಚಿಕೆಯೂ ಆಯಿತು. ನಮ್ಮ ಮನೆಯ ಮಾಳಿಗೆಯಿಂದ ಜಂಬುನಾಥನ ಬೆಟ್ಟ ಕಾಣುತ್ತದೆ. ಅದರಾಚೆ ಸಂಡೂರಿನ ಗುಡ್ಡಗಳ ಸಾಲು. ಅಲ್ಲಿಯ ಮಣ್ಣು ಕೆಂಪು, ಮಳೆಯ ನೀರು ಕೆಂಪು, ಅದಿರಿನ ಲಾರಿಗಳು ಓಡಾಡಿದ ರಸ್ತೆಯ ಪಕ್ಕದ ಬೇವಿನ ಎಲೆಯೂ ಕೆಂಪು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧ ಓದಿದ. ಮುಂಬಯಿಯಿಂದ ತರಿಸಿದ ಉಕ್ಕಿನ ಬಿಲ್ಲೆಗಳನ್ನು ಕುರಿತ ಪ್ರಬಂಧ. ಅದನ್ನು ಅವನು ಕರೆದದ್ದು ‘ವೂಟ್ಸ್’ ಎಂದು. ಆ ಮಾತು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಬಹುಮಂದಿ ಪಂಡಿತರ ಮತ. ಅನಂತರ ಮೈಕೇಲ್ ಫ್ಯಾರಡೆ ಆ ಉಕ್ಕಿನ ಗುಟ್ಟನ್ನು ತಿಳಿಯಲು ೧೮೨೦ರ ಸುಮಾರಿಗೆ ಪ್ರಯೋಗಗಳನ್ನು ಮಾಡಿದ. ಫ್ಯಾರಡೆ ಕಮ್ಮಾರನ ಮಗನೆಂಬುದನ್ನು ಇಲ್ಲಿ ನೆನೆಯಬಹುದು. ಅವನಿಗಿಂತ ಮೊದಲೇ, ೧೮೦೦-೦೧ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ನಮ್ಮ ಕುಲುಮೆಗಳ ಮುಂದೆ ಕೂತು ಬರೆದುಕೊಂಡ. ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿಯೊತ್ತಿ ಕಾಯಿಸಿ ಉಕ್ಕು ಮಾಡುತ್ತಿದ್ದ ಕ್ರಮ ಅವನ ಪುಸ್ತಕದಲ್ಲಿದೆ. ಮೂಸೆ ಎಷ್ಟು, ಇದ್ದಿಲು ಎಷ್ಟು, ಆಳು ಎಷ್ಟು ಎಂಬ ಲೆಕ್ಕವನ್ನು ಬರೆಯಬಹುದು, ಬರೆದ. ಉರಿಯ ಬಣ್ಣ ನೋಡಿ ‘ಇನ್ನು ಸಾಕು’ ಎನ್ನುವ ಕಣ್ಣನ್ನು ಬರೆದುಕೊಳ್ಳುವುದು ಹೇಗೆ? ಆ ಕುಲುಮೆಗಳು ಆರಿದವು. ೧೯೭೧ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾದ ಮೇಲೆ, ೧೯೯೪ರಲ್ಲಿ, ಜಿಂದಾಲ್ ಸಂಸ್ಥೆ ಅಲ್ಲಿ ಕೆಲಸಕ್ಕೆ ಕೈ ಹಾಕಿತು. ಈಗ ಅಲ್ಲಿ ಉಕ್ಕು ಹೊಳೆಯಾಗಿ ಹರಿಯುತ್ತದೆ. ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ನನಗೆ ಒಂದು ಅಂಗುಲದ ಕೊಳವೆ ಕೂಡಿಸುವವರು ಸಿಕ್ಕಿರಲಿಲ್ಲ.

ಸಿಕ್ಕದ್ದು ಸೈಕಲ್ಲು ಮುರಿದ ಜಾಗದಿಂದ ಎರಡು ಫರ್ಲಾಂಗಿನ ಆಚೆ.

ಕಡ್ಡಿರಾಂಪುರ ಹೊಸಪೇಟೆಯಿಂದ ಅನಂತಶಯನಗುಡಿಯ ಮೇಲೆ ಹಂಪಿಗೆ ಹೋಗುವ ದಾರಿಯ ಹಳ್ಳಿ. ಬಾಳೆ, ಕಬ್ಬು, ಬಂಡೆ. ಗುಮ್ಮಟವಿರುವ ಎರಡು ಹಳೆಯ ಗೋರಿಗಳು ಅಲ್ಲಿವೆ. ವಿಜಯನಗರದ ಚರಿತ್ರೆ ಬರೆಯುವವರು ಅವುಗಳ ಕಡೆಗೊಮ್ಮೆ ನೋಡಿ ಹಂಪಿಗೆ ನಡೆದುಬಿಡುತ್ತಾರೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ಆದರೆ ಈಚಿನ ಚರಿತ್ರೆಯಲ್ಲಿ ಈ ಊರಿಗೆ ಒಂದು ಅಧ್ಯಾಯ ಸೇರಿದೆ. ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಸಂಸಾರಗಳಿದ್ದವು, ಅಂಗಡಿಗಳಿದ್ದವು, ಖಾನಾವಳಿಗಳಿದ್ದವು. ಹಂಪಿ ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೧೯೯೯ರಿಂದ ೨೦೦೬ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ೨೦೧೧ರ ಜುಲೈ ಕೊನೆಯಲ್ಲಿ ಬಜಾರನ್ನು ತೆರವು ಮಾಡಿದರು. ಮಂಟಪಗಳು ಖಾಲಿಯಾದವು. ಅಲ್ಲಿದ್ದವರಿಗೆ ನಿವೇಶನವನ್ನು ಗೊತ್ತು ಮಾಡಿದ್ದು ಕಡ್ಡಿರಾಂಪುರದಲ್ಲಿ. ಆ ಕಲ್ಲಿನ ಸಾಲು ಉಳಿಯಬೇಕಾದದ್ದು ನಿಜ; ಸಂಸಾರಗಳ ನೋವೂ ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯ ನನಗಿಲ್ಲ. ನಾನು ಹೇಳಹೊರಟಿರುವುದು ಸಣ್ಣ ಸಂಗತಿ. ಬಜಾರಿನಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿಗಳಿದ್ದವು. ಪ್ರವಾಸಿಗರು ಆ ಸೈಕಲ್ಲುಗಳನ್ನು ಬಂಡೆಯ ಮೇಲೆ, ಮೆಟ್ಟಿಲ ಮೇಲೆ, ಕಾಲುವೆಯ ಒಳಗೂ ಓಡಿಸುತ್ತಿದ್ದರು. ಅಂಥ ಅಂಗಡಿ ನಡೆಸಿದ್ದವರೊಬ್ಬರು ಈಗ ಕಡ್ಡಿರಾಂಪುರದಲ್ಲಿ ಮೊಪೆಡ್ಡುಗಳನ್ನು ಬಾಡಿಗೆಗೆ ಕೊಡುತ್ತಾರೆ. ನನ್ನ ಫ್ರೇಮನ್ನು ನೋಡಿ ಅವರು ನಗಲಿಲ್ಲ, ಹೊಸದು ಕೊಳ್ಳಿರೆಂದೂ ಹೇಳಲಿಲ್ಲ. “ನಮ್ಮವು ಮುರಿದಾಗೆಲ್ಲ ಇಲ್ಲಿಗೇ ತರತಿದ್ವಿ. ಇದ್ದಾರ ಮಿಸ್ತ್ರಿ, ಹಿಂದಿನ ಓಣ್ಯಾಗ” ಎಂದರು.

ಹಂಪಿಯಿಂದ ಮುರಿದ ಸೈಕಲ್ಲುಗಳು ಮೂವತ್ತು ವರ್ಷ ಈ ಹಳ್ಳಿಗೆ ಬರುತ್ತಿದ್ದವು. ಹೊಸಪೇಟೆಯಲ್ಲಿ ಬಾಳಿದ ನನಗೆ ಗೊತ್ತಿರಲಿಲ್ಲ.

ಮಿಸ್ತ್ರಿಯವರು ನನಗಿಂತ ಮೂರೋ ನಾಲ್ಕೋ ವರ್ಷ ಹಿರಿಯರು. ಮನೆಯ ಹಿತ್ತಲಿನ ತಗಡಿನ ಚಪ್ಪರದಲ್ಲಿ ಎರಡು ಸಿಲಿಂಡರು, ಒಂದು ಅಡಿಗಲ್ಲು, ಮುರಿದ ಕುಂಟೆಗಳು. ಅವರು ಹುಟ್ಟಾ ಕಮ್ಮಾರರಲ್ಲ. ಅಣೆಕಟ್ಟೆಯ ಬಾಗಿಲುಗಳನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡರ್ ಆಗಿದ್ದವರು. ಅಣೆಕಟ್ಟೆಯ ಜೊತೆಗೇ ಹುಟ್ಟಿ, ೧೯೬೦ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯಾದ ಕಾರ್ಯಾಗಾರ ಅದು. ದೇಶದ ಎಷ್ಟೋ ಜಲಾಶಯಗಳಿಗೆ ಬಾಗಿಲು ಮಾಡಿ ಕಳಿಸಿತ್ತು. ೨೦೧೫ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಮಿಸ್ತ್ರಿಯವರು ನಿವೃತ್ತರಾಗಿ ಬಂದು ಈ ಚಪ್ಪರ ಹಾಕಿಯಾಗಿತ್ತು.

ಅವರು ಫ್ರೇಮನ್ನು ತಿರುಗಿಸಿ ನೋಡಿದರು. ವೆಲ್ಡಿಂಗ್ ಗಂಟಿನ ಮೇಲೆ ಉಗುರಿನಿಂದ ಬಡಿದರು. “ಯಾರ್ರೀ ಮೇಷ್ಟ್ರೇ, ಇದನ್ನ ಸುಟ್ಟೋರು?”

ನಾನು ಸುಮ್ಮನಿದ್ದೆ.

“ಸುಡಬಾರದ್ರೀ. ಕಾಯಿಸಬೇಕು” ಎಂದು ಅದನ್ನು ಬದಿಗಿಟ್ಟರು.

ಅಳತೆಗೆ ಹೊಂದುವ ಕೊಳವೆಗಾಗಿ ಎರಡು ವಾರ ಕಾದೆವು. ಕಂಪ್ಲಿಯ ಗುಜರಿಯಲ್ಲಿ ಸಿಕ್ಕ ಹಳೆಯ ಫ್ರೇಮೊಂದರಿಂದ ಅದನ್ನು ಬಿಚ್ಚಿಕೊಂಡರು. ಆ ಎರಡು ವಾರಗಳಲ್ಲಿ ನಾನು ನಾಲ್ಕೈದು ಸಲ ಹೋಗಿ ಕೂತಿದ್ದೇನೆ. ಅವರ ಮಾತೆಲ್ಲ ಹತ್ತೊಂಬತ್ತನೆಯ ಗೇಟಿನ ಸುತ್ತಲೇ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ಮೂವತ್ತಮೂರು ಕ್ರೆಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಣಿ ಕಡಿದು ಕೊಚ್ಚಿಹೋಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಾಗಿಲು. ತುಂಬಿದ ಜಲಾಶಯ, ಮುಂದೆ ಇಡೀ ವರ್ಷದ ಬೆಳೆ. ಆ ರಾತ್ರಿ ಈ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆಯಿರಲಿಲ್ಲವೆಂಬುದನ್ನು ಇಲ್ಲಿಯ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ. ನೀರು ಇಳಿಯುವವರೆಗೆ ದುರಸ್ತಿ ಆಗದೆಂದರು. ಆಗ ಕರೆಸಿದ್ದು ಎನ್. ಕನ್ನಯ್ಯ ನಾಯ್ಡು ಅವರನ್ನು. ಮುಚ್ಚಿದ ಅದೇ ಕಾರ್ಖಾನೆಯಲ್ಲಿ ದುಡಿದು, ಎಷ್ಟೋ ವರ್ಷದ ಹಿಂದೆ ನಿವೃತ್ತರಾಗಿದ್ದ, ಎಂಬತ್ತರ ಹೊಸ್ತಿಲಲ್ಲಿದ್ದ ತಂತ್ರಜ್ಞರು. ಅವರ ಹೇಳಿಕೆಯಂತೆ ಉಕ್ಕಿನ ಅಡ್ಡಹಲಗೆಗಳನ್ನು ಸುತ್ತಮುತ್ತಲ ಕಾರ್ಖಾನೆಗಳಲ್ಲೇ ಅವಸರದಿಂದ ಮಾಡಿಸಿ, ನೀರು ಹರಿಯುತ್ತಿರುವಾಗಲೇ ಒಂದೊಂದಾಗಿ ಇಳಿಸಿದರು. ಒಂದು ವಾರದೊಳಗೆ ಬಾಯಿ ಮುಚ್ಚಿತು. ಕಾರ್ಖಾನೆಯ ಬಾಗಿಲು ಹಾಕಬಹುದು, ಯಂತ್ರ ಮಾರಬಹುದು. ಅಲ್ಲಿಯ ವಿದ್ಯೆ ಒಬ್ಬ ಮುದುಕರ ತಲೆಯಲ್ಲಿ ಉಳಿದಿತ್ತು, ಅವರು ಬದುಕಿದ್ದರು, ಅವರ ಹೆಸರು ಯಾರಿಗೋ ನೆನಪಿತ್ತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಏನಾಗುತ್ತಿತ್ತೆಂದು ನಾನು ಮಿಸ್ತ್ರಿಯವರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಆ ವಾರವೆಲ್ಲ ತಾವು ದಿನವೂ ಅಣೆಕಟ್ಟೆಯ ಬಳಿ ಹೋಗಿ, ಪೋಲೀಸರು ತಡೆದ ಕಡೆಯಲ್ಲಿ ನಿಂತು ಬರುತ್ತಿದ್ದುದಾಗಿ ಹೇಳಿದರು. “ಕರೀತಾರೇನೋ ಅಂತ ಕನ್ನಡಕ, ಕೈಚೀಲ ತಗೊಂಡೇ ಹೋಗ್ತಿದ್ದೆ” ಎಂದು ನಕ್ಕರು.

ಬೆಸೆದದ್ದು ಒಂದು ಭಾನುವಾರ ಮುಂಜಾನೆ, ಗಾಳಿ ಏಳುವ ಮೊದಲು. ಹಳೆಯ ಗಂಟನ್ನು ಗರಗಸದಿಂದ ಕೊಯ್ದರು. ಲಗ್ಗನ್ನು ಕಾಯಿಸಿ ಕೊಳವೆಯ ಮೋಟನ್ನು ಇಕ್ಕಳದಿಂದ ತಿರುವಿ ಎಳೆದಾಗ, ಎಪ್ಪತ್ತು ವರ್ಷ ಮೀರಿದ ಹಿತ್ತಾಳೆ ಹೊಳೆಯುತ್ತ ಕರಗಿ ಒಂದು ತೊಟ್ಟು ನೆಲಕ್ಕೆ ಬಿತ್ತು. ಕೆಳತುದಿಯನ್ನೂ ಹಾಗೆಯೇ ಬಿಡಿಸಿದರು. ಒಳಗನ್ನು ಅರದಿಂದ ಉಜ್ಜಿ ಬೆಳ್ಳಗೆ ಮಾಡಿದರು. ಈ ಉಜ್ಜುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಉರಿ ಹಚ್ಚಿದ್ದು ಐದೇ ನಿಮಿಷ. ಹೊಸ ಕೊಳವೆ ಕೂರಿಸಿ ಬಿಳಿಗಾರ ಬಳಿದರು. ಅದು ಮೊದಲು ಅರಳಿನಂತೆ ಉಬ್ಬಿತು, ಆಮೇಲೆ ಕುಗ್ಗಿ ಗಾಜಿನಂತೆ ತಿಳಿಯಾಯಿತು. ಉಕ್ಕು ಕಪ್ಪಿನಿಂದ ಕಂದು, ಕಂದಿನಿಂದ ಮುತ್ತುಗದ ಹೂವಿನ ಬಣ್ಣಕ್ಕೆ ಬಂದಾಗ ಹಿತ್ತಾಳೆಯ ಕಡ್ಡಿಯನ್ನು ಅಂಚಿಗೆ ಮುಟ್ಟಿಸಿದರು. ಕಡ್ಡಿಯ ತುದಿ ಕಾಣದಾಯಿತು. ಉರಿಯನ್ನು ಲಗ್ಗಿನ ಆಚೆಯ ಅಂಚಿಗೆ ಸರಿಸಿದರು. ಹಿತ್ತಾಳೆ ಒಳಗೊಳಗೇ ಹರಿದು ಆ ಅಂಚಿನಲ್ಲಿ ಹಳದಿ ಗೆರೆಯಾಗಿ ಇಣುಕಿತು.

“ಬಿಸಿ ಎಲ್ಲೈತೋ ಅಲ್ಲಿಗೆ ಓಡತೈತ್ರೀ ಅದು. ನಾವು ದಾರಿ ತೋರಿಸಬೇಕಷ್ಟ” ಎಂದರು. ಬಿಳಿ ಹೊಗೆ ಎದ್ದರೆ ಸತು ಸುಡುತ್ತಿದೆ, ಮೀರಿತೆಂದು ಅರ್ಥ. ಅಂದು ಹೊಗೆ ಏಳಲಿಲ್ಲ. ನೀರು ಹಾಕಲು ಹೋದ ನನ್ನ ಮೊಮ್ಮಗನ ಕೈ ಹಿಡಿದು ತಡೆದರು. ತಾನಾಗಿಯೇ ಆರಬೇಕು.

ಆರಿದ ಮೇಲೆ ಅವರು ಮಾಡಿದ ಕೆಲಸವನ್ನು ನಾನು ಎಂದೂ ನೋಡಿರಲಿಲ್ಲ. ಹಿಂದಿನ ಚಕ್ರ ಕೂರುವ ಒಂದು ಕಿವಿಗೆ ದಾರದ ತುದಿ ಕಟ್ಟಿ, ದಾರವನ್ನು ಮುಂದಕ್ಕೆ ಒಯ್ದು ಕೊರಳನ್ನು ಬಳಸಿ, ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ತಂದು ಎರಡನೆಯ ಕಿವಿಗೆ ಬಿಗಿದರು. ಸೀಟಿನ ಕೊಳವೆಗೂ ದಾರಕ್ಕೂ ನಡುವಣ ಅಂತರ ಎರಡೂ ಕಡೆ ಒಂದೇ ಇರಬೇಕು. ಎಡಕ್ಕೆ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಹೆಚ್ಚಿತ್ತು. ಹಿಂದಿನ ಕವಲಿಗೆ ಮರದ ತುಂಡು ಕೊಟ್ಟು, ಮೊಣಕಾಲು ಊರಿ ಒಂದು ಸಲ ಒತ್ತಿದರು. ಮತ್ತೆ ದಾರ ಹಿಡಿಸಿದರು. ಮೂರನೆಯ ಸಲಕ್ಕೆ ಸರಿಯಾಯಿತು. ದಾರದ ತುದಿ ಹಿಡಿದಿದ್ದ ಹುಡುಗ, ಇಂಜಿನಿಯರಿಂಗ್ ಎರಡನೆಯ ವರ್ಷದವನು, ಫೋನು ತೆಗೆದು ಅಳತೆ ನೋಡಲು ಹೊರಟವನು, ಅದನ್ನು ಮತ್ತೆ ಜೇಬಿಗಿಟ್ಟ.

ಕೂಲಿ ಎಷ್ಟೆಂದು ಕೇಳಿದೆ. ಗ್ಯಾಸಿನದು, ಹಿತ್ತಾಳೆಯದು, ಗುಜರಿಯದು ಎಂದು ಲೆಕ್ಕ ಹೇಳಿ ಆರುನೂರ ನಲವತ್ತು ಎಂದರು. ನಿಮ್ಮದು ಎಂದೆ. ಅದರಲ್ಲೇ ಇದೆ ಎಂದರು. ಒತ್ತಾಯ ಮಾಡಿ ಸಾವಿರ ಕೊಟ್ಟೆ, ನೂರನ್ನು ಹಿಂದಿರುಗಿಸಿದರು. ಬಣ್ಣ ಬಳಿಯಲೇ ಎಂದರು, ಬೇಡವೆಂದೆ. ಕಪ್ಪು ಕೊರಳಿನ ಸುತ್ತ ಆ ಹಳದಿ ಗೆರೆ ಕಾಣುತ್ತಿರಲೆಂದು ನನಗೆ ಆಸೆ. ತುಕ್ಕು ಹಿಡಿಯುತ್ತದೆಂದು ಗದರಿಸಿ, ಒಂದಿಷ್ಟು ವಾರ್ನಿಶು ಸವರಿ ಕೊಟ್ಟರು. ಒಂದು ವಾರ ಕ್ಯಾರಿಯರಿನ ಮೇಲೆ ಯಾರನ್ನೂ ಕೂರಿಸಬೇಡಿರೆಂದೂ ಹೇಳಿದರು. ಎಪ್ಪತ್ತು ದಾಟಿದ ನನ್ನ ಹಿಂದೆ ಕೂರುವ ಧೈರ್ಯ ಯಾರಿಗಿದೆಯೆಂದು ನಾನು ಕೇಳಲಿಲ್ಲ.

ಹೊಸ ಚಕ್ರ ಹಾಕಿಸಿಕೊಂಡು ಹೊಸಪೇಟೆಯ ಕಡೆಗೆ ನಾನೇ ತುಳಿದುಕೊಂಡು ಹೊರಟೆ. ಬೇವಿನ ಮರದ ಬಳಿ ಬರುವಷ್ಟರಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಇಳಿದು, ಸೈಕಲ್ಲನ್ನು ಗದ್ದೆಯ ಅಂಚಿಗೆ ಎತ್ತಿ ಇಟ್ಟುಕೊಂಡು, ಎರಡೂ ಟ್ರೇಲರು ದಾಟುವವರೆಗೆ ನಿಂತೆ.